ನಮ್ಮವರು ಮೊದಲು

ಯಾರೂ ಮುಟ್ಟದ ಕತ್ತರಿಗಳನ್ನು ಅವಳು ಮತ್ತೆ ತೊಳೆಯುತ್ತಿದ್ದಳು. ಹಸಿರು ಬಟ್ಟೆಯ ಗಂಟು ಬಿಚ್ಚಿ, ಒಳಗಿನ ಕತ್ತರಿ, ಚಿಮುಟಗಳನ್ನು ಒಂದೊಂದಾಗಿ ನೀರಿಗಿಳಿಸಿ, ಒರೆಸಿ, ಹೊಸ ಬಟ್ಟೆಯಲ್ಲಿ ಕಟ್ಟಿ ಆವಿಯ ಪೆಟ್ಟಿಗೆಗೆ ಕಳಿಸಬೇಕು. ಕಟ್ಟಿಟ್ಟ ಗಂಟಿನ ಶುದ್ಧಿಗೂ ಒಂದು ಅವಧಿ ಇರುತ್ತದೆ. ಬಳಸಲಿ ಬಿಡಲಿ, ಅದು ಮುಗಿದರೆ ಎಲ್ಲ ಮತ್ತೆ ಮೊದಲಿನಿಂದ.

ಊರಿಗೆಲ್ಲ ಸೋಂಕು ಹರಡಿದ ಮೇಲೆ ಆಸ್ಪತ್ರೆಯ ಸರ್ಜರಿ ವಿಭಾಗ ಮದುವೆಯಾದ ಮಗಳನ್ನು ಕಳಿಸಿಕೊಟ್ಟ ಮನೆಯಂತೆ ಬಿಕೋ ಎನ್ನುತ್ತಿತ್ತು. ಉಸಿರಾಟದ ಯಂತ್ರಗಳು, ಅರಿವಳಿಕೆ ವೈದ್ಯರು, ಅರ್ಧಕ್ಕರ್ಧ ಸಿಸ್ಟರ್‌ಗಳು ಕೆಳಗಿನ ಜ್ವರದ ವಾರ್ಡಿಗೆ ಹೋಗಿದ್ದರು. ಈ ಗಳಿಗೆಗೋ ಆ ಗಳಿಗೆಗೋ ಅನ್ನುವಂಥ ಕೇಸು ಮಾತ್ರ ಮೇಜಿಗೆ. ಮಿಕ್ಕವರಿಗೆಲ್ಲ ಫೋನು ಮಾಡಿ 'ಸದ್ಯಕ್ಕಿಲ್ಲ' ಎನ್ನುವ ಕೆಲಸ ಥಿಯೇಟರಿನ ಹಿರಿಯ ಸಿಸ್ಟರ್ ಆದ ಅವಳ ಪಾಲಿಗೆ ಬಂದಿತ್ತು. ಎಷ್ಟು ಜನರ ನಿಟ್ಟುಸಿರು ಕೇಳಿದ್ದಳೋ... ಅತ್ತ ಕಡೆಯವರು ಬೈದರೆ ವಾಸಿ ಅನ್ನಿಸುತ್ತಿತ್ತು.

"ಏನ್ರೀ ಸಿಸ್ಟರ್, ಮನೇಲಿ ತೊಳೆದಿದ್ದು ಸಾಲದು ಅಂತ ಇಲ್ಲೂ ಶುರು ಮಾಡಿದ್ರಾ?" ದೊಡ್ಡ ಡಾಕ್ಟರಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಮುಖಗವಸು ಒತ್ತಿ ಮೂಗಿನ ಮೇಲೆ ಗಾಯವಾಗಿತ್ತು. "ಕೆಳಗಿನಿಂದ ಒಬ್ಬ ಅರಿವಳಿಕೆ ಡಾಕ್ಟರನ್ನ ಕಾಡಿ ಬೇಡಿ ತಂದಿದ್ದೀನಿ. ಸೋಮವಾರ ಒಂದೇ ಒಂದು ಕೇಸು. ಆಮೇಲೆ ಯಾವಾಗಲೋ ನನಗೂ ಗೊತ್ತಿಲ್ಲ. ನಿಮ್ಮತ್ತೇನ ಕರ್ಕೊಂಡು ಬನ್ನಿ."

"ಮೇಡಂ, ಆ ಗುಂಡಿ ಹೊಲಿಯೋಳು..."

"ಗೊತ್ತು. ಅವಳ ಗರ್ಭಕೋಶದ ಗಡ್ಡೆ ತೆಗೀಲೇಬೇಕು. ಆದ್ರೆ ಸಿಬ್ಬಂದಿ ಮನೆಯವರು ಮೊದಲು ಅನ್ನೋದು ಇಲ್ಲಿನ ವಾಡಿಕೆ. ನಾನೇ ಆರಿಸೋಕೆ ಕೂತ್ರೆ ಹುಚ್ಚು ಹಿಡಿಯುತ್ತೆ. ನೀವು ಬೇಡ ಅಂದ್ರೆ ಮಾತ್ರ ಅವಳು. ನಾಳೆ ಬೆಳಿಗ್ಗೆ ಹೇಳಿ."

ಅವರು ಹೋದ ಸ್ವಲ್ಪ ಹೊತ್ತಿಗೆ ಫೋನು ಬಂತು. ಅಂಗಿಗಳಿಗೆ ಗುಂಡಿ ಹೊಲಿಯುವವಳೇ.

"ಸಿಸ್ಟರ್, ನಾನಿನ್ನೂ ಇದ್ದೀನಿ. ಹಾಜರಿ ಹಾಕ್ಕೊಳ್ಳಿ."

"ರಕ್ತ ಹೋಗೋದು ಹೇಗಿದೆ?"

"ನಲ್ಲಿ ಕೆಟ್ರೆ ರಿಪೇರಿಯವನಾದ್ರೂ ಬರ್ತಾನೆ. ನನಗೆ ಯಾರೂ ಬರ್ತಿಲ್ಲ. ಈ ಸಲ ಏರಿಸೋಕೆ ರಕ್ತಾನೂ ಸಿಗಲಿಲ್ಲ, ಕೊಡೋರು ಮನೆಯಿಂದ ಹೊರಗೇ ಬರ್ತಿಲ್ವಂತೆ. ನಿನ್ನೆ ಕಣ್ಣು ಕತ್ತಲೆ ಬಂದು ಒಂದು ಅಂಗಿಗೆ ಬೆನ್ನ ಮೇಲೆ ಗುಂಡಿ ಹಾಕಿಬಿಟ್ಟೆ ನೋಡಿ." ಅವಳೇ ನಕ್ಕಳು. ನಕ್ಕಿದ್ದಕ್ಕೇ ಏದುಸಿರು ಬಂತು. "ಮಗಳು ಇನ್ನೂ ಚಿಕ್ಕವಳು ಸಿಸ್ಟರ್..." ಎಂದವಳು ಫೋನು ಇಟ್ಟಳು.

ಸಂಜೆ ಮನೆಯ ಹಿಂಬಾಗಿಲಲ್ಲಿ ನಾದಿನಿ ಕಾದು ನಿಂತಿದ್ದಳು. ಓಡಾಟ ನಿಂತಾಗ ತವರಿನಲ್ಲಿ ಸಿಕ್ಕಿಹಾಕಿಕೊಂಡವಳು, ಈಗ ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡಿದ್ದಳು.

"ಅಲ್ಲೇ ನಿಲ್ಲಿ ಅತ್ತಿಗೆ, ಗಾಳಿ ಈ ಕಡೆ ಬೀಸ್ತಿದೆ."

ಸ್ನಾನ ಮುಗಿಸಿ, ತನಗೆ ಬಿಟ್ಟುಕೊಟ್ಟ ಸಾಮಾನಿನ ಕೋಣೆಯಲ್ಲಿ ಅವಳು ಕೂತಳು. ಹಳೆಯ ಪೆಟ್ಟಿಗೆಗಳು, ಕಾಲು ಮುರಿದ ಕುರ್ಚಿ, ನಡುವೆ ಅವಳ ಹಾಸಿಗೆ. ನಾದಿನಿ ತಟ್ಟೆಯನ್ನು ನೆಲದ ಮೇಲಿಟ್ಟು ಪೊರಕೆಯ ಹಿಡಿಯಿಂದ ಹೊಸ್ತಿಲವರೆಗೆ ತಳ್ಳಿದಳು.

"ಅಮ್ಮನ ಸೊಂಟದ ಆಪರೇಷನ್ ಏನಾಯ್ತು? ಥಿಯೇಟರೇ ನಿಮ್ಮ ಕೈಲಿದೆ ಅಂತಿದ್ರಲ್ಲ. ದೀಪದ ಬುಡಕ್ಕೇ ಕತ್ತಲೆ. ಊರವರ ಹೊಟ್ಟೆ ಕೊಯ್ಯೋಕೆ ಓಡ್ತೀರಿ, ಮನೆಯವರ ನರಳಾಟ ಕಿವಿಗೇ ಬೀಳಲ್ಲ. ಇಂಥ ಕೆಲಸ ಇದ್ದರೆಷ್ಟು, ಬಿಟ್ಟರೆಷ್ಟು?"

ಗಂಡ ಟೀವಿಯಿಂದ ಕಣ್ಣು ತೆಗೆಯದೆ ಹೇಳಿದ, "ನಿಮ್ಮ ಮೇಡಂನ ಒಂದು ಮಾತು ಕೇಳಬಹುದಿತ್ತಲ್ಲ."

"ಕೇಳ್ತಾಳೆ ಬಿಡೋ," ಎಂದರು ಅತ್ತೆ, ಒಳಗಿನ ಮಂಚದಿಂದ. "ನಾನು ಸತ್ತ ಮೇಲೆ ಕೇಳ್ತಾಳೆ."

ಅವಳು ಅನ್ನ ಕಲಸುತ್ತಲೇ ಇದ್ದಳು. ಬಾಯಿ ಬಿಟ್ಟರೆ ಒಂದೇ ಕ್ಷಣದಲ್ಲಿ ಎಲ್ಲರೂ ತೆಪ್ಪಗಾಗುತ್ತಿದ್ದರು. ಸೊಂಟವಲ್ಲ ಅದು... ಅತ್ತೆಯ ಗರ್ಭಕೋಶವೇ ಜಾರಿ ಕೆಳಗಿಳಿದಿತ್ತು. ಹೆತ್ತ ಮಕ್ಕಳಿಗೂ ತಿಳಿಯಕೂಡದೆಂದು ಅತ್ತೆ ವರ್ಷಗಳ ಹಿಂದೆಯೇ ಅವಳಿಂದ ಆಣೆ ಮಾಡಿಸಿಕೊಂಡಿದ್ದರು. ಶಸ್ತ್ರಚಿಕಿತ್ಸೆ ಮುಂದೆ ಹೋದಾಗ ಡಾಕ್ಟರಮ್ಮ ಅದನ್ನು ಎತ್ತಿ ಹಿಡಿಯಲು ಒಳಗೊಂದು ರಬ್ಬರ್ ಬಳೆ ಕೂರಿಸಿದ್ದರು. ಆಗಾಗ ಅದನ್ನು ತೆಗೆದು, ತೊಳೆದು, ಮತ್ತೆ ಇಡಬೇಕು. ಸೊಸೆ ಮುಟ್ಟಿದ ಲೋಟ ಬೇಡ. ಇದಕ್ಕೆ ಮಾತ್ರ ಅವಳ ಬೆರಳೇ ಬೇಕು.

"ಬಾರೆ, ಸೊಂಟಕ್ಕೆ ಎಣ್ಣೆ ಹಚ್ಚು," ಎಂದು ಅತ್ತೆ ಗೋಡೆ ಹಿಡಿದು ಎದ್ದರು.

"ಅವರ ಕೈಲಾ? ಸೋಂಕು ಸೊಂಟಕ್ಕೆ ಹತ್ತಲ್ವೇನಮ್ಮ?"

"ನಿನ್ನ ಕೈ ಒರಟು. ಸುಮ್ನಿರು."

ಬಚ್ಚಲಿನ ಚಿಲಕ ಬಿತ್ತು. ಕೈಗವಸು ತೊಟ್ಟು ಅವಳು ಮಂಡಿಯೂರಿದಳು. ಬಳೆ ಉಜ್ಜಿ ಒಂದೆಡೆ ಹುಣ್ಣಾಗಿತ್ತು. ಅತ್ತೆ ಟವೆಲಿನ ಅಂಚು ಕಚ್ಚಿ ಹಿಡಿದಿದ್ದರು. ಕಣ್ಣೀರು ಗಲ್ಲದಿಂದ ಇಳಿದು ಅವಳ ಮೊಣಕೈ ಮೇಲೆ ಬಿತ್ತು.

"ನಿನ್ನ ಗಂಡ ಹುಟ್ಟಿ ವಾರ ಕಳೆಯೋ ಮೊದಲೇ ನನ್ನತ್ತೆ ನೀರು ಹೊರಿಸಿದ್ರು," ಎಂದರು ಉಸಿರು ಹಿಡಿದು. "ಅವತ್ತೇ ಇಳೀತು ಅನ್ಸತ್ತೆ. ಕಟ್ಕೊಂಡವರಿಗೂ ಹೇಳಲಿಲ್ಲ. ನಿನ್ನೊಬ್ಬಳ ಹತ್ರ ಬಾಯಿ ಬಿಟ್ಟೆ... ಅದಕ್ಕೇ ನಿನ್ನ ಕಂಡ್ರೆ ಮೈಯೆಲ್ಲ ಉರಿಯುತ್ತೆ ನನಗೆ."

ಅವಳ ಕೈ ನಿಂತಿತು. ಇಷ್ಟು ವರ್ಷಗಳ ಚುಚ್ಚುಮಾತಿಗೆ ಹೀಗೂ ಒಂದು ಬೇರಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ನಿಮ್ಮ ಡಾಕ್ಟರು ಏನಾದ್ರೂ ಅಂದ್ರಾ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. 'ಸೋಮವಾರ, ಅತ್ತೆ' ಅಂದರೆ ಸಾಕು. ಈ ಹುಣ್ಣು ಮಾಯುತ್ತದೆ, ಈ ಚಿಲಕ ಬೀಳುವುದು ನಿಲ್ಲುತ್ತದೆ, ತಟ್ಟೆ ಯಾರದಾದರೂ ಕೈಯಿಂದ ಬರುತ್ತದೆ. ಅತ್ತೆ ನರಳುತ್ತಾರೆ, ಆದರೆ ಬದುಕುತ್ತಾರೆ. ಆ ಇನ್ನೊಬ್ಬಳು? ಲೆಕ್ಕ ಇಷ್ಟು ಸರಳವಾಗಿದ್ದರೂ ಎದೆಯ ಮೂಲೆಯಲ್ಲಿ ಸಣ್ಣದೊಂದು ಸುಖ ಹೆಡೆಯೆತ್ತಿದ್ದನ್ನು ಅವಳು ಕಂಡಳು. ಇಲ್ಲ ಅನ್ನುವ ಅಧಿಕಾರ ಈ ಮನೆಯಲ್ಲಿ ಮೊದಲ ಸಲ ಅವಳ ಕೈಗೆ ಬಂದಿತ್ತು. ಇದು ನ್ಯಾಯವೋ, ಸೇಡೋ... ಎರಡನ್ನೂ ಬಿಡಿಸಿ ನೋಡಲು ಅವಳಿಂದಾಗಲಿಲ್ಲ. ಬಿಡಿಸುವ ತನಕ ಕಾಯಲು ಆ ಹೆಂಗಸಿನ ಮೈಯಲ್ಲಿ ರಕ್ತವಿರಲಿಲ್ಲ.

"ಇಲ್ಲ ಅತ್ತೆ," ಎಂದಳು. ದಿನವಿಡೀ ಫೋನಿನಲ್ಲಿ ಆಡಿ ಆಡಿ ನುಣುಪಾದ ದನಿ. "ಸದ್ಯಕ್ಕಿಲ್ಲ."

"ಎಲ್ಲೀವರೆಗೆ ಹೀಗೆ?"

"ನಾನಿದ್ದೀನಲ್ಲ."

ಅತ್ತೆ ಅವಳ ಭುಜ ಹಿಡಿದು ಎದ್ದರು. ನಿಂತ ಮೇಲೂ ಕೈ ತೆಗೆಯಲಿಲ್ಲ. ಆ ಕೈಯ ಭಾರಕ್ಕೆ ಅವಳ ಕಣ್ಣು ತುಂಬಿತು.

ಹೊರಗಿನಿಂದ ನಾದಿನಿ ಬಾಗಿಲು ತಟ್ಟಿದಳು. "ಎಣ್ಣೆ ಹಚ್ಚೋದಕ್ಕೆ ಇಷ್ಟು ಹೊತ್ತಾ? ಒಂದು ಕೆಲಸಾನೂ ನೆಟ್ಟಗೆ ಬರಲ್ಲ ನಿಮಗೆ."

ಅವಳು ಕೈಗವಸು ಕಳಚಿದಳು. ಸೋಮವಾರ ಮೇಜಿನ ಮೇಲೆ ಮಲಗುವವಳು ಗುಂಡಿ ಹೊಲಿಯುವವಳು. ಪಕ್ಕದಲ್ಲಿ ನಿಲ್ಲುವವಳು ತಾನು. ಸಂಜೆ ಇದೇ ಬಚ್ಚಲಿಗೆ ಮರಳಿ ಬರುವವಳೂ ತಾನೇ. ಅತ್ತೆ ನಿಧಾನವಾಗಿ ಹೊರಗೆ ಹೋಗುವವರೆಗೂ ಅವಳು ಬಾಗಿಲನ್ನು ಹಿಡಿದು ನಿಂತಳು.