ಕೆಂಪಾದ ಮುಡುಪು

ಮಳವಳ್ಳಿಯ ಮಾದಪ್ಪನ ಗುಡಿಯಲ್ಲಿ ಬೀರಮ್ಮ ಹರಕೆಯ ಮುಡುಪು ಬಿಚ್ಚಿದಳು. ಒಳಗಿದ್ದ ರೂಪಾಯಿ ಖೋಟಾ. ಕಲ್ಲಿಗೆ ಬಡಿದರೆ ನಾದವಿಲ್ಲ, ಹೆಂಚಿನ ಚೂರು ಬಿದ್ದ ಸದ್ದು. ಅರಿಶಿನದ ಬಟ್ಟೆಯೂ ರೂಪಾಯಿಯಗಲ ಕೆಂಪಾಗಿತ್ತು.

"ಮಾದಪ್ಪ ಮುನುಸ್ಕಂಡವ್ನೆ ಬುದ್ದಿ," ಎಂದಳು.

ಸುದ್ದಿ ಕೇಳಿ ಬಂದಿದ್ದ ಠಾಣೆಯ ದಫೇದಾರ್ ಕೆಂಪಸಿದ್ದಯ್ಯ ಬಟ್ಟೆ ಮಡಚಿಕೊಂಡ. ಯುದ್ಧ ಶುರುವಾದಾಗಿನಿಂದ ಅಕ್ಕಿಯ ರೇಷನ್ನಿಗೂ ಅವನೇ ಕಾವಲು, ಸೀಮೆಣ್ಣೆಗೂ ಅವನೇ. ಈಗ ಸಂತೆ ತುಂಬ ಖೋಟಾ ರೂಪಾಯಿ. ಅದಕ್ಕೂ ಅವನೇ ತಿರುಗಬೇಕು.

ಖೋಟಾ ಎರೆದನೆಂಬ ಗುಮಾನಿಯ ಮೇಲೆ, ಪಾತ್ರೆಗೆ ಕಲಾಯಿ ಹಾಕುವ ಹೊನ್ನಯ್ಯ ಲಾಕಪ್ಪಿನಲ್ಲಿದ್ದ. ಗುಡಿಸಲಲ್ಲಿ ತವರ ಸಿಕ್ಕಿತ್ತು. ಇನ್ಸ್‌ಪೆಕ್ಟರ್ ಸಾಹೇಬರಿಗೆ ಅಷ್ಟು ಸಾಕಾಗಿತ್ತು. ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಸಂಜೆಯ ಬಸ್ಸಿಗೆ ಅವನನ್ನು ಮೈಸೂರು ಜೈಲಿಗೆ ಕಳಿಸುವುದೆಂದು ಹುಕುಂ.

"ಕಲಾಯಿಯೋನ ತಾವು ತವರ ಇಲ್ದೆ ಬೆಣ್ಣೆ ಇದ್ದದಾ ಬುದ್ದಿ?" ಎಂದ ಹೊನ್ನಯ್ಯ.

ಕೆಂಪು ಕಲೆ ಹೊನ್ನಯ್ಯನ ಕೈಯದೋ ಎಂದು ನೋಡಲು, ಕಲಾಯಿಗೆ ಬಳಸುವ ನವಸಾಗರವನ್ನು ದಫೇದಾರ್ ನೀರಲ್ಲಿ ನೆನೆಸಿ ಬಟ್ಟೆಯ ಹಳದಿ ಅಂಚಿಗೆ ಹಚ್ಚಿದ. ಏನೂ ಆಗಲಿಲ್ಲ. ತನ್ನ ಎಲೆಯಡಿಕೆ ಚೀಲದ ಸುಣ್ಣ ಹಚ್ಚಿದ. ಕೆಂಪಾಯಿತು.

*

ರೂಪಾಯಿ ಕೊಟ್ಟವರಾರೆಂದರೆ ಬೀರಮ್ಮ ಬಾಯಿಬಿಡಳು. ಮತ್ತೆ ಕೂಲಿಗೆ ಕರೆಯರೆಂಬ ಭಯ. ಸಂಜೆ ಹೊನ್ನಯ್ಯನನ್ನು ಬಸ್ಸು ಹತ್ತಿಸುತ್ತಾರೆಂದು ದಫೇದಾರ್ ಹೇಳಿದ ಮೇಲೆ ಮೆಲ್ಲಗೆ ಹೇಳಿದಳು:

"ಆಲೆಮನೆ ಮರಿಸಿದ್ದಯ್ನೋರು ಕೊಟ್ಟ ಕಬ್ಬಿನ ಕೂಲಿ. ಬಂದೋಳೇ ಹಸೀ ಅರಿಸಿನದ ಬಟ್ಟೇಲಿ ಕಟ್ದೆ."

*

ಆಲೆಮನೆಗೆ ಹೋಗಿ ಬಟ್ಟೆಯ ಸುಣ್ಣದ ಕಲೆ ತೋರಿಸಿದರೆ ಮರಿಸಿದ್ದಯ್ಯ ನಕ್ಕ. "ಸುಣ್ಣ ಆಕ್ದೆ ಕಬ್ಬಿನಾಲು ತಿಳಿಯಾದದಾ ದಫೇದಾರ್ರೇ? ಆಲೆಮನೇಲಿ ಎಲ್ಲಾರ ಕೈಯೂ ಸುಣ್ಣವೇ."

ನಿಜವೇ. ಕೊಪ್ಪರಿಗೆಯ ಪಕ್ಕದ ಮಡಕೆಯಲ್ಲಿ ಸುಣ್ಣ ನೀರುನೀರಾಗಿತ್ತು. ಆದರೆ ಅಟ್ಟದ ಮೇಲೆ ಇನ್ನೊಂದು ಮಡಕೆ. ಅದರಲ್ಲಿ ಸುಣ್ಣ ಕಲ್ಲುಗಟ್ಟಿತ್ತು.

"ಗಟ್ಟಿಯಾದ ಸುಣ್ಣ ಯಾವ ಪಾಕಕ್ಕಣ್ಣ?"

ಮರಿಸಿದ್ದಯ್ಯ ಮಡಕೆಗೆ ಅಡ್ಡ ಬಂದ. ದಫೇದಾರ್ ಅವನನ್ನು ಸರಿಸಿ ಮಡಕೆ ಒಡೆದ. ಗಟ್ಟಿ ಸುಣ್ಣ ಎರಡು ಬಿಲ್ಲೆಯಾಗಿ ಬಿಡಿಸಿಕೊಂಡಿತು. ಎರಡರ ಒಳಮೈಗೂ ರೂಪಾಯಿಯ ಅಚ್ಚು, ಒಂದರಲ್ಲಿ ದೊರೆಯ ತಲೆ.

ದಫೇದಾರ್ ದಣಿದ ದನಿಯಲ್ಲಿ ವಿವರಿಸಿದ. ಸಂತೆಯ ರೂಪಾಯಿಗಳು ಹತ್ತು ಕೈ ಬದಲಾಗಿ ಮೈಗಂಟಿದ ಸುಣ್ಣ ಕಳೆದುಕೊಂಡಿದ್ದವು. ಇದೊಂದು ಮಾತ್ರ ಎರಕದವನ ಕೈಯಿಂದ ನೇರ ಮುಡುಪಿಗೆ ಬಂದಿತ್ತು. ಅಂಚಿನ ಗೀರಲ್ಲೂ ಅಕ್ಷರದ ಸಂದಿಯಲ್ಲೂ ಕೂತ ಅಚ್ಚಿನ ಸುಣ್ಣ ಹಸಿ ಅರಿಶಿನಕ್ಕೆ ತಾಗಿತ್ತು. ದೇವರ ಮುಡುಪನ್ನು ಯಾರೂ ನಡುವೆ ಬಿಚ್ಚುವುದಿಲ್ಲವಲ್ಲ.

"ಕೂಲಿಯೋಳು ಕಾಸು ಕಂಡೇಟ್ಗೆ ಅಂಗಡಿಗೆ ಓಯ್ತಾಳೆ ಅಂದ್ಕಂಡೆ," ಎಂದ ಮರಿಸಿದ್ದಯ್ಯ.

*

ಸಂಜೆ ಬಸ್ಸಿನಲ್ಲಿ ಮರಿಸಿದ್ದಯ್ಯ ಹೋದ. ಬಿಡುಗಡೆಯಾದ ಹೊನ್ನಯ್ಯ ಠಾಣೆಯ ಮೆಟ್ಟಿಲು ಇಳಿಯಲೇ ಇಲ್ಲ.

"ಇನ್ನು ನನ್ ಕೈಗೆ ಯಾರು ಪಾತ್ರೆ ಕೊಟ್ಟಾರು ಬುದ್ದಿ?"

ಕೆಂಪಸಿದ್ದಯ್ಯ ಎದ್ದ. ಒಳಗೆ ಹೋಗಿ ಠಾಣೆಯ ಹಿತ್ತಾಳೆ ಕೊಳದಪ್ಪಲೆಯ ನೀರು ಚೆಲ್ಲಿ, ತಂದು ಅವನ ಮುಂದಿಟ್ಟ.

"ಇದ್ಕೆ ಕಲಾಯಿ ಆಕ್ಲಾ. ಇಲ್ಲೇ, ಬಾಗ್ಲಲ್ಲೇ ಕೂತ್ಕಂಡು ಆಕು. ಜನ ನೋಡ್ಲಿ."