ಕಿತ್ತೂರು ಕೋಟೆಯಲ್ಲಿ ಕಳುವಾದ ಹಸಿ ಚಿತ್ರ

ಹಲಗೆ ಇತ್ತು. ಅದರ ಕ್ಲಿಪ್ಪುಗಳೂ ಇದ್ದವು. ಚಿತ್ರ ಮಾತ್ರ ಇರಲಿಲ್ಲ.

“ಅಯ್ಯ, ನನ್ನ ಚಿತ್ರ ಎಲ್ಲಿ ಹೋತ್ರಿ!”

ಆ ಕೂಗು ಕಿತ್ತೂರು ಕೋಟೆಯ ಮಂಜಿನೊಳಗೆಲ್ಲ ಕೇಳಿಸಿತು. ರಾಮದುರ್ಗದ ಪಿಎಸ್‌ಐ ಮೆಹೆರಾಜ ಅಂದು ರಜೆಯಲ್ಲಿದ್ದಳು. ತಾಯಿ ಬಿಬಿಜಾನಳಿಗೆ ಕೋಟೆ ತೋರಿಸಲು ಬಂದಿದ್ದಳು. ಮಂಜು ಕವಿದದ್ದು ಇಬ್ಬರಿಗೂ ಇನ್ನಷ್ಟು ಹಿಗ್ಗು ತಂದಿತ್ತು. ಹತ್ತಿರ ಹೋಗುವ ತನಕ ಗೋಡೆಗಳು ಕಾಣುತ್ತಿರಲಿಲ್ಲ. ಕಂಡೊಡನೆ ಬಿಬಿಜಾನ ಚಪ್ಪಾಳೆ ತಟ್ಟುತ್ತಿದ್ದಳು. ಧ್ರುವ ನಕ್ಷತ್ರ ನೋಡುವ ಕಿಂಡಿಗೆ ಕಣ್ಣಿಟ್ಟು, “ಒಳಗ ಬರೇ ಹಾಲು ತುಂಬೇತಿ ನೋಡ ಬೇಟಿ” ಎಂದು ನಗುತ್ತಿರುವಾಗಲೇ ಆ ಕೂಗು.

ಮೆಹೆರಾಜ ಓಡಿದಳು. ಕೂಗಿದವರು ಶೈಲಜಾ. ಬೈಲಹೊಂಗಲದ ಚಿತ್ರಕಲಾ ಶಿಕ್ಷಕಿ.

“ಬೆಳಗಾವಿ ಪ್ರದರ್ಶನಕ್ಕ ನಾಳೆ ಕಳಸಬೇಕಿತ್ರಿ. ಒಂದ್ ಸಲ ಮಂಜು ಸರೀತು. ಅರಮನಿ ಗ್ವಾಡಿ, ಅದರ ಮ್ಯಾಲೆ ಕುಂತ ಇಬ್ಬರು ಕಂಡ್ರು. ಬಡಾಬಡಾ ಬರದೆ. ಮತ್ತ ಮುಚ್ಚಿದ ಮಂಜು ಇನ್ನೂ ಸರದಿಲ್ಲ. ಬಣ್ಣ ಆರಲಿ ಅಂತ ಬಿಟ್ಟು ಗೇಟಿಗೆ ಚಾ ಕುಡಿಯಾಕ ಹೋದೆ. ಈ ಥಂಡ್ಯಾಗ ಅದೆಲ್ಲಿ ಆರ್ತೈತ್ರಿ?”

“ಗಾಳಿಗೆ ಹಾರಿರಬೇಕ” ಎಂದಳು ಬಿಬಿಜಾನ.

“ಇಲ್ಲ ಅಮ್ಮಿ. ಎಲಿ ಸೈತ ಅಲ್ಲಾಡವಲ್ದು. ಕ್ಲಿಪ್ಪು ತಗದು, ಮತ್ತ ನೀಟ ಹಚ್ಚಿ ಹೋಗ್ಯಾರ.”

* * *

ಆಗ ಒಬ್ಬ ತರುಣ ಮುಂದೆ ಬಂದ. ವಿಂಡ್‌ಚೀಟರಿನ ಜಿಪ್ಪು ಕತ್ತಿನವರೆಗೆ ಏರಿತ್ತು.

“ನಾ ವಿರೂಪಾಕ್ಷರಿ, ಸವದತ್ತಿಯಾಂವ. ಗೇಟಿನ ಹಂತೇಕ ನಿಂತಿದ್ದೆ. ಒಬ್ಬಾಂವ ಈ ಹಲಗಿಯಿಂದ ಏನೋ ತಗೊಂಡು, ಸುರಳಿ ಸುತ್ತಿ ಹೋದದ್ದ ನೋಡೇನಿ.”

ಗೇಟಿನ ಬಳಿ ಸುರಳಿ ಹಿಡಿದವನು ನಿಜಕ್ಕೂ ಸಿಕ್ಕ. ಟೆಂಪೊ ಚಾಲಕ ವಾಸೀಮ್. ಮೆಹೆರಾಜ ಸುರಳಿ ಬಿಚ್ಚಿಸಿದಳು. ಪ್ಲಾಸ್ಟಿಕ್ ಚಾಪೆ!

“ಪ್ಯಾಸೆಂಜರ್ ಮಂದಿ ಕುಂತು ಉಪ್ಪಿಟ್ಟು ತಿನ್ನಲಿ ಅಂತ ತಂದೇನ್ರಿ” ಎಂದ ವಾಸೀಮ್, ಮುಖ ಸಣ್ಣದು ಮಾಡಿಕೊಂಡು.

“ತಪ್ಪಾತ್ರಿ ಭಾಯ್” ಎಂದಳು ಮೆಹೆರಾಜ. ನಿಂತಲ್ಲೇ ಹಿಂತಿರುಗಿ, ತಾಯಿ ನಿಂತಿದ್ದ ಹಲಗೆಯ ಕಡೆ ನೋಡಿದಳು. ಬರೀ ಬಿಳುಪು.

“ಅಮ್ಮೀ, ಕೈ ಎತ್ತ!”

“ಎತ್ತೇನಿ! ಎರಡೂ ಎತ್ತೇನಿ!”

ದನಿ ಬಂತು. ಕೈ ಕಾಣಲಿಲ್ಲ. ಮೆಹೆರಾಜಳ ತುಟಿಯಲ್ಲಿ ನಗು ಮೂಡಿತು.

* * *

ಅವಳು ಮರಳಿದಾಗ ವಿರೂಪಾಕ್ಷನ ಪಕ್ಕ ಪೂನಮ್ ಎಂಬ ಹುಡುಗಿ ನಿಂತಿದ್ದಳು. ಕೈಯಲ್ಲಿ ಕೆಂಪು ಛತ್ರಿ.

“ವಿರೂಪಾಕ್ಷ, ಜಿಪ್ಪು ತಗೀರಿ” ಎಂದಳು ಮೆಹೆರಾಜ.

“ಥಂಡಿ ಐತ್ರಿ ಮೇಡಮ್…”

“ತಗೀರಿ.”

ಬಿಳಿ ಅಂಗಿಯ ಎದೆಯ ತುಂಬ ಹಸಿರು, ಬೂದು, ಕೆಂಪು. ಅದಕ್ಕೆ ಅಂಟಿಕೊಂಡಿತ್ತು ಚಿತ್ರ.

“ಗೇಟಿನಿಂದ ನಮ್ಮವ್ವನ ಕೈನೂ ಕಾಣಲಿಲ್ಲ. ನಿಮಗ ಕಳ್ಳ ಹೆಂಗ ಕಂಡ? ಹಲಗಿ ಹಂತೇಕ ಇದ್ದಾಂವಗ ಮಾತ್ರ ಕಾಣಬೇಕು. ಅಲ್ಲದ, ಹಸಿ ಚಿತ್ರ ಯಾರೂ ಸುರಳಿ ಸುತ್ತಂಗಿಲ್ಲ. ವಾಸೀಮನ ಕೈಯಾಗ ಚಾಪಿ ಕಂಡು ಸುಳ್ಳು ಕಟ್ಟಿದ್ರಿ. ಅಂಗಿ ಮ್ಯಾಲಿನ ಈ ಕೆಂಪು ಈ ಛತ್ರೀದು. ಗ್ವಾಡಿ ಮ್ಯಾಲೆ ಕುಂತಾವ್ರು ನೀವಿಬ್ಬರೇ, ಹೌದಲ್ರಿ?”

ವಿರೂಪಾಕ್ಷ ತಲೆ ತಗ್ಗಿಸಿದ. “ಚಾ ತರಾಕ ಹೋದಾಗ ಟೀಚರ್ ಪ್ರದರ್ಶನದ ಮಾತಾಡೂದ ಕೇಳಿದ್ನಿ. ಹೊಳ್ಳಿ ಬಂದು ನೋಡಿದ್ರ ಚಿತ್ರದಾಗ ಈ ಛತ್ರಿ! ಇದನ್ನ ಕೊಡಿಸಿದಾವ್ರು ಇವರ ಅಪ್ಪಾರು. ಬೆಳಗಾವ್ಯಾಗ ಇರ್ತಾರ. ನೋಡಿದ್ರ ಗುರ್ತ ಹಿಡಿತಾರಂತ ಅಂಜಿದೆ.”

ಪೂನಮ್ ಹಣೆ ಹಣೆ ಬಡಿದುಕೊಂಡಳು. “ಹುಚ್ಚಪ್ಯಾಲಿ! ನಿನ್ನೇನ ಅಪ್ಪಗ ಎಲ್ಲಾ ಹೇಳೇನಿ. ಐತವಾರ ಮನಿಗೆ ಕರಕೊಂಡ ಬಾ ಅಂದಾರ. ಅದನ್ನ ಹೇಳಾಕಂತ ನಿನ್ನ ಇಲ್ಲಿಗೆ ಕರಕೊಂಡ ಬಂದ್ರ, ನೀ ಕಳ್ಳತನಕ್ಕ ಹ್ವಾದಿ!”

ಬಿಬಿಜಾನ ಸೆರಗು ಬಾಯಿಗೊತ್ತಿ ನಕ್ಕಳು. ವಿರೂಪಾಕ್ಷ ಮೊದಲು ಹೋಗಿ ವಾಸೀಮನ ಕೈ ಹಿಡಿದು ಕ್ಷಮೆ ಕೇಳಿದ. ವಾಸೀಮ್ ಅವನ ಅಂಗಿ ನೋಡಿ ನಗು ತಡೆಯಲಾರದೆ ಹೋದ.

“ಕೇಸು ಕೊಡತೀರೇನ್ರಿ ಟೀಚರ್?” ಕೇಳಿದಳು ಮೆಹೆರಾಜ.

ಶೈಲಜಾ ಕಲೆಸಿಹೋದ ಚಿತ್ರವನ್ನು ಪಕ್ಕಕ್ಕಿಟ್ಟು, ಹೊಸ ಕಾಗದಕ್ಕೆ ಕ್ಲಿಪ್ಪು ಹಾಕಿದರು.

“ಕೇಸು ಬ್ಯಾಡ. ಇಬ್ಬರೂ ಹೋಗಿ ಅಲ್ಲೇ ಕುಂದರ್ರಿ. ಮುಗಿಯೂತನಕ ಅಲ್ಲಾಡಂಗಿಲ್ಲ.”

ಇಬ್ಬರೂ ಹೋಗಿ ಕುಳಿತರು. ಮಂಜು ಅವರನ್ನು ಪೂರಾ ನುಂಗಿತು. ಶೈಲಜಾ ಕುಂಚ ಹಿಡಿದು ಕಾದರು. ಮಂಜು ಸರಿಯುವ ತನಕ ಗೋಡೆಯ ಕಡೆಯಿಂದ ಪೂನಮ್ ಬೈಯುವುದು, ನಡುನಡುವೆ ನಗುವುದು ಕೇಳಿಸುತ್ತಲೇ ಇತ್ತು.