ಕೈ ಎತ್ತಿದ್ದಕ್ಕೆ ಬಂದ ಅಕ್ಕಿ

'ಭಾನುವಾರ ನಾನು ಕೈ ಎತ್ತಬಾರದಿತ್ತು...'

ಡೈರಿಯಲ್ಲಿ ಇಷ್ಟು ಬರೆದು ಕೆಜಿಯಾ ಪೆನ್ನು ಕಚ್ಚಿದಳು.

ಆರಾಧನೆಯ ಕೊನೆಗೆ ಪಾಸ್ಟರ್, "ಬಾಯಿಬಿಟ್ಟು ಹೇಳಕ್ಕಾಗದ ಕೋರಿಕೆ ಇರೋರು ಕೈ ಎತ್ತಿದ್ರೆ ಸಾಕು, ಸಭೆ ಪ್ರಾರ್ಥಿಸುತ್ತೆ" ಎಂದಿದ್ದರು. ಎತ್ತಿಬಿಟ್ಟಳು! ಅವಳ ಕೋರಿಕೆ ಆಗ ವೇದಿಕೆಯ ಮೇಲೆ ಕಣ್ಣು ಮುಚ್ಚಿ ಗಿಟಾರ್ ನುಡಿಸುತ್ತಿತ್ತು.

ಬಾಗಿಲು ಬಡಿದ ಸದ್ದು. ತೆರೆದರೆ... ಆ ಕೋರಿಕೆಯೇ ಹೆಗಲ ಮೇಲೆ ಅಕ್ಕಿ ಮೂಟೆ ಹೊತ್ತು ನಿಂತಿತ್ತು!

"ಪ್ರೈಸ್ ದ ಲಾರ್ಡ್, ಸಿಸ್ಟರ್," ಜೋಯೆಲ್ ಏದುಸಿರು ಬಿಟ್ಟ. "ಮೂರನೇ ಮಹಡಿ ಅಂತ ಯಾರೂ ಹೇಳ್ಲೇ ಇಲ್ಲ."

ಸಿಸ್ಟರ್! ಹಾರುತ್ತಿದ್ದ ಅವಳ ಎದೆ ಆ ಒಂದು ಪದಕ್ಕೆ ದೊಪ್ಪನೆ ಬಿತ್ತು.

ಹಿಂದೆಯೇ ಮಹಿಳಾ ಸಂಘದ ಸುಗುಣಾ ಆಂಟಿ ಚೀಲಗಳೊಂದಿಗೆ ನುಗ್ಗಿದರು. "ಏನು ಕಷ್ಟ ಅಂತ ನೀನು ಹೇಳ್ಲಿಲ್ಲ ಕಣೇ. ಅದಕ್ಕೆ ಎಲ್ಲಾ ತಂದ್ವಿ! ಹಾರ್ಲಿಕ್ಸ್, ಮಂಡಿ ನೋವಿನ ಎಣ್ಣೆ, ನಿಮ್ಮಪ್ಪಂಗೆ ಊರುಗೋಲು..."

"ಅಪ್ಪ ದಿನಾ ಶಟ್ಲ್ ಆಡ್ತಾರೆ ಆಂಟಿ..."

"ಮುಚ್ಚಿಡ್ಬೇಡ! ಸಭೆ ಅಂದ್ರೆ ಒಂದೇ ಮನೆ," ಎನ್ನುತ್ತಾ ಆಂಟಿ ಅಡುಗೆಮನೆಯ ತಪಾಸಣೆಗೆ ಹೊರಟರು.

ಜೋಯೆಲ್ ಮೂಟೆ ಇಳಿಸಿ ಅದರ ಬಾಯಿ ಬಿಚ್ಚಿದ. ಸೋನಾಮಸೂರಿ, ರೇಷನ್ ಅಕ್ಕಿ, ಬಾಸುಮತಿ, ಎಲ್ಲ ಕಲೆತಿತ್ತು. ಸಭೆಯ ಒಂದೊಂದು ಮನೆಯವರೂ ಕಷ್ಟದಲ್ಲಿರುವವರಿಗೆಂದು ದಿನಾ ಅಡುಗೆಗೆ ಮುಂಚೆ ಎತ್ತಿಟ್ಟ ಹಿಡಿ ಅಕ್ಕಿ.

"ಇದು ನಮ್ಮ ಸಭೆಯ ಹಾಲವ್ವಜ್ಜಿಗೆ ಹೋಗ್ಬೇಕಿತ್ತು. ಅವರ ಮಗನ ಕೆಲಸ ಹೋಗಿದೆ. ಆದ್ರೆ ಅಜ್ಜಿನೇ, 'ಆ ಹುಡುಗಿ ಕೈ ಎತ್ಯಾಳ, ಮೊದ್ಲ ಆಕಿಗೆ ಕೊಡ್ರಿ' ಅಂದ್ರು."

ಕೆಜಿಯಾ ಒಂದು ಹಿಡಿ ಅಕ್ಕಿ ಎತ್ತಿ ಮತ್ತೆ ಮೂಟೆಗೇ ಸುರಿದಳು. ಸುಮ್ಮನಿದ್ದರೆ ನನ್ನ ಗುಟ್ಟು ಉಳಿಯುತ್ತೆ... ಆದರೆ ಅಜ್ಜಿಯ ಮನೆಯ ಒಲೆ?

"ಇದನ್ನ ಈಗ್ಲೇ ಅಜ್ಜಿ ಮನೆಗೆ ತಗೊಂಡು ಹೋಗಿ."

"ಸಂಕೋಚ ಬೇಡ ಸಿಸ್ಟರ್..."

"ಸಂಕೋಚ ಅಲ್ಲ! ನಮಗೆ ಅಕ್ಕಿ ಕೊರತೆ ಇಲ್ಲ."

"ಹೌದು ಕಣಪ್ಪಾ, ಡ್ರಮ್ ತುಂಬಾ ಇದೆ!" ಒಳಗಿನಿಂದ ಆಂಟಿಯ ವರದಿ ಬಂತು.

ಜೋಯೆಲ್ ತಬ್ಬಿಬ್ಬಾಗಿ ಮೂಟೆಯ ಬಾಯಿ ಕಟ್ಟಿ ಮತ್ತೆ ಹೆಗಲಿಗೇರಿಸಿದ. "ಹಾಗಾದ್ರೆ ಏನು ಕೋರಿಕೆ ಇತ್ತು, ಸಿಸ್ಟರ್?"

ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು ತಟ್ಟನೆ ನಿಂತಿತು.

ಡೈರಿಗೆ ಓಡಿ ಬರೆದುಬಿಡಲೇ? ಬೇಡ... ಕೆಜಿಯಾ ಕಣ್ಣು ಬಿಗಿಯಾಗಿ ಮುಚ್ಚಿದಳು.

"ನೀವು... ನನ್ನನ್ನ ಸಿಸ್ಟರ್ ಅನ್ನೋದು ನಿಲ್ಲಿಸ್ಬೇಕು ಅಂತ!"

ಅವಳು ಒಂದು ಕಣ್ಣು ತೆರೆದಳು. ಜೋಯೆಲ್‌ನ ಕಿವಿ ಕೆಂಪಾಗಿತ್ತು.

"ನಾನೂ ಕೈ ಎತ್ತಬೇಕು ಅಂತಿದ್ದೆ... ಕೆಜಿಯಾ," ಎಂದ ಮೆಲ್ಲಗೆ. "ಆಗ ಎರಡೂ ಕೈ ಗಿಟಾರ್ ಮೇಲಿತ್ತು. ಈಗ ನೋಡಿದ್ರೆ, ಮೂಟೆ ಮೇಲಿದೆ."